ರೋಮಾ 13 ಓದಿ ಸುಮ್ನೆ ಕೂರಬೇಕಾ? ಅನ್ಯಾಯದ ಅಧಿಕಾರ ಮತ್ತು ಕ್ರೈಸ್ತರ ವಿಧೇಯತೆ

ಪ್ರಶ್ನೆ: ನಾನು ದಕ್ಷಿಣ ಕೊಡಗಿನವಳು. ನಮ್ಮದು ಚಿಕ್ಕ ಸಭೆ. ಹೆಚ್ಚಿನವರು ತೋಟದ ಕೆಲಸದವರು. ಶುಕ್ರವಾರ ಸಂಜೆ ಒಂದು ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆ) ಸೇರಿ ಪ್ರಾರ್ಥನೆ ಮಾಡುತ್ತೇವೆ. ಹೋದ ತಿಂಗಳು ಒಬ್ಬ ಅಧಿಕಾರಿ ಬಂದು, ‘ಇದನ್ನೆಲ್ಲ ನಿಲ್ಲಿಸಿ’ ಎಂದು ಬಾಯಿಮಾತಲ್ಲಿ ಹೇಳಿ ಹೋದರು. ನಮ್ಮ ಅಯ್ಯನವರು (ಸಭೆಯ ಪಾಸ್ಟರ್) ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಓದಿ, ‘ಅಧಿಕಾರಿಗಳಿಗೆ ಅಧೀನರಾಗಿರಬೇಕು, ನಿಲ್ಲಿಸೋಣ’ ಎಂದರು. ನನ್ನ ತಮ್ಮ ಬೀದಿಗಿಳಿಯೋಣ ಅನ್ನುತ್ತಾನೆ. ಇನ್ನೊಂದು ವಿಷಯವೂ ನನ್ನನ್ನು ಕೊರೆಯುತ್ತಿದೆ. ಹಿಂದೊಮ್ಮೆ ಆದಿವಾಸಿಗಳ ಗುಡಿಸಲು ಕೀಳಿಸಿದಾಗ ಅವರಿಗೆ ಅಕ್ಕಿ, ಕಂಬಳಿ ಕೊಡೋಣ ಅಂದಿದ್ದೆ. ‘ಸರ್ಕಾರದ ವಿರುದ್ಧ ಹೋದಂತಾಗುತ್ತದೆ, ಬೇಡ’ ಎಂದು ಸಭೆಯ ಹಿರಿಯರು ತಡೆದರು. ಅನ್ಯಾಯ ಮಾಡುವ ಸರ್ಕಾರಕ್ಕೂ ಕ್ರೈಸ್ತರು ವಿಧೇಯರಾಗಿರಬೇಕೇ?

ಉತ್ತರ:

ಪ್ರಿಯ ಸಹೋದರಿ,

ನೇರವಾಗಿ ಹೇಳಿಬಿಡುತ್ತೇನೆ. ಪ್ರಾರ್ಥನೆ ನಿಲ್ಲಿಸಬೇಕಾಗಿಲ್ಲ. ಬೀದಿಗಿಳಿಯುವ ಹೊತ್ತೂ ಬಂದಿಲ್ಲ. ಅಕ್ಕಿ, ಕಂಬಳಿ ಕೊಡೋಣ ಅಂದಿರಲ್ಲ, ಅದರಲ್ಲಿ ನೀವೇ ಸರಿ, ತಡೆದವರದ್ದೇ ತಪ್ಪು. ಪತ್ರದ ಕೊನೆಯಲ್ಲಿ ನೀವು ಬರೆದ ಆ ವಿಷಯ ನನಗೆ ಶುಕ್ರವಾರದ ಪ್ರಾರ್ಥನೆಗಿಂತ ದೊಡ್ಡದಾಗಿ ಕಾಣುತ್ತದೆ.

ಮೊದಲು ರೋಮಾ 13. ಅಯ್ಯನವರು ಇಲ್ಲದ್ದೇನೂ ಓದಲಿಲ್ಲ. ಅಧಿಕಾರ ದೇವರಿಂದ ಬಂದದ್ದು, ತೆರಿಗೆ ಸಲ್ಲಬೇಕಾದವರಿಗೆ ತೆರಿಗೆ ಕೊಡಿ, ಮರ್ಯಾದೆ ಸಲ್ಲಬೇಕಾದವರಿಗೆ ಮರ್ಯಾದೆ ಕೊಡಿ ಎಂದು ಅಪೊಸ್ತಲ ಪೌಲ ಬರೆದದ್ದು ನಿಜ. ಅದು ಸುಮಾರು ಕ್ರಿ.ಶ. 57ರ ಪತ್ರ. ಆಗ ರೋಮ್ ಆಳುತ್ತಿದ್ದವನು ನೀರೋ. ಕ್ರೈಸ್ತರ ಮೇಲೆ ಅವನು ಕೈ ಮಾಡಿದ್ದು 64ರಲ್ಲಿ ರೋಮ್‌ಗೆ ಬೆಂಕಿ ಬಿದ್ದ ಮೇಲೆ. ಹಾಗಂತ ಸರ್ಕಾರ ಎಂದರೆ ಏನೆಂದು ಪೌಲನಿಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಯೇಸುವನ್ನು ಶಿಲುಬೆಗೆ ಹಾಕಿಸಿದ ಪಿಲಾತ ರೋಮ್ ಸರ್ಕಾರದ ಅಧಿಕಾರಿಯೇ ಆಗಿದ್ದ.

ಪೌಲ ಪತ್ರ ಬರೆದಾಗ ಈ ಅಧ್ಯಾಯಗಳ ಗುರುತು ಇರಲಿಲ್ಲ. ಇವು ಎಷ್ಟೋ ಶತಮಾನಗಳ ಮೇಲೆ ಬಂದದ್ದು. ಹಾಗಾಗಿ 12ರ ಕೊನೆಯಿಂದ ಒಂದೇ ಉಸಿರಲ್ಲಿ ಓದಿ ನೋಡಿ. ಕೆಟ್ಟದ್ದಕ್ಕೆ ಕೆಟ್ಟದ್ದು ಮಾಡಬೇಡಿ, ಸೇಡು ತೀರಿಸಬೇಡಿ, ಒಳ್ಳೆಯದರಿಂದ ಕೆಟ್ಟದ್ದನ್ನು ಸೋಲಿಸಿ ಅನ್ನುತ್ತಾನೆ. ಆಮೇಲೆ ಅಧಿಕಾರಿಗಳ ಮಾತು. ಅದು ಮುಗಿದ ಕೂಡಲೇ ಮತ್ತೆ ನೆರೆಯವರ ಪ್ರೀತಿ. ಪ್ರೀತಿಸುವವನು ನೆರೆಯವನಿಗೆ ಕೇಡು ಮಾಡುವುದಿಲ್ಲ ಅನ್ನುತ್ತಾನೆ. ಹಿಂದೂ ಮುಂದೂ ಇರುವುದನ್ನು ಬಿಟ್ಟು ಮಧ್ಯದ ಏಳು ವಚನ ಮಾತ್ರ ಕಿತ್ತು ಓದಿದರೆ ಪೌಲ ಹೇಳದ ಮಾತನ್ನು ಅವನ ಬಾಯಿಗೆ ತುರುಕಿದಂತೆ.

ಆ ಏಳು ವಚನದ ಒಳಗೇ ಇನ್ನೊಂದು ಮಾತಿದೆ. ಅಧಿಕಾರಿ ನಿನ್ನ ಒಳ್ಳೆಯದಕ್ಕಾಗಿ ಇರುವ ದೇವರ ಸೇವಕ ಅನ್ನುತ್ತಾನೆ ಪೌಲ. ಹಾಗಾದರೆ ಅವನ ಮೇಲೂ ಒಬ್ಬ ಯಜಮಾನ ಇದ್ದಾನೆ. ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಮಾತು ಕೇಳಲೇಬೇಕು. ಆದರೆ ಸಾವ್ಕಾರ್ರು ಆಳುಗಳಿಗೆಂದು ಕೊಟ್ಟ ಸಂಬಳವನ್ನು ರೈಟರ್ ಜೇಬಿಗೆ ಹಾಕಿಕೊಂಡರೆ, ‘ರೈಟರ್‌ಗೆ ಎದುರು ಮಾತಾಡಬೇಡಿ’ ಅಂತ ಯಾರಾದರೂ ಬುದ್ಧಿ ಹೇಳುತ್ತಾರಾ?

ಇನ್ನು, ಈ ಮಾತು ಬರೆದವನು ತಾನು ಹೇಗೆ ನಡೆದುಕೊಂಡ ಅಂತ ನೋಡಬೇಕು. ಅದಕ್ಕೆ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆಯಿರಿ. ನಿಮ್ಮ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿಸಿ. ಊರು ಫಿಲಿಪ್ಪಿ. ಕಣಿ ಹೇಳಿ ಯಜಮಾನರಿಗೆ ದುಡ್ಡು ಗಳಿಸಿಕೊಡುತ್ತಿದ್ದ ಒಬ್ಬ ದಾಸಿ ಹುಡುಗಿಯನ್ನು ಪೌಲ ಬಿಡಿಸುತ್ತಾನೆ. ಯಜಮಾನರ ಆದಾಯ ನಿಂತುಹೋಗುತ್ತದೆ. ಅವರು ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಪೇಟೆಗೆ ಎಳೆದು ತರುತ್ತಾರೆ. ಆದರೆ ‘ನಮ್ಮ ಆದಾಯ ಹೋಯಿತು’ ಅಂತ ದೂರು ಕೊಡುವುದಿಲ್ಲ. ‘ಇವರು ನಮ್ಮ ಊರಿನ ಪದ್ಧತಿ ಕೆಡಿಸುತ್ತಿದ್ದಾರೆ’ ಅನ್ನುತ್ತಾರೆ. ಜನ ಸೇರುತ್ತಾರೆ. ಅಧಿಕಾರಿಗಳು ವಿಚಾರಣೆ ಮಾಡದೆ ಬಟ್ಟೆ ಹರಿಸಿ, ಬೆತ್ತದಿಂದ ಹೊಡೆಸಿ, ಒಳಗಿನ ಸೆರೆಗೆ ದೂಡಿ ಕಾಲಿಗೆ ಕೋಳ ಹಾಕಿಸುತ್ತಾರೆ. ರಾತ್ರಿ ಇಬ್ಬರೂ ಹಾಡುತ್ತಾರೆ, ಭೂಕಂಪ ಆಗುತ್ತದೆ. ಇಷ್ಟು ನಮಗೆಲ್ಲ ಸಂಡೇ ಸ್ಕೂಲಿನಿಂದ ಬಾಯಿಪಾಠ.

ಬೆಳಗಾದ ಮೇಲೆ ನಡೆದದ್ದನ್ನು ಮಾತ್ರ ನಾವು ಅಷ್ಟಾಗಿ ಹೇಳುವುದಿಲ್ಲ. ‘ಅವರನ್ನು ಬಿಟ್ಟುಬಿಡಿ’ ಅಂತ ಅಧಿಕಾರಿಗಳು ಜವಾನರ ಕೈಯಲ್ಲಿ ಹೇಳಿಕಳಿಸುತ್ತಾರೆ. ಪೌಲ ಹೊರಡುವುದಿಲ್ಲ. ನಾವು ರೋಮ್ ಪ್ರಜೆಗಳು, ವಿಚಾರಣೆ ಇಲ್ಲದೆ ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತಾರಾ, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಅನ್ನುತ್ತಾನೆ. ಅಧಿಕಾರಿಗಳು ಹೆದರುತ್ತಾರೆ. ತಾವೇ ಬಂದು ಬೇಡಿಕೊಂಡು ಕರೆದೊಯ್ಯುತ್ತಾರೆ. ಪೌಲ ನೇರ ಹೋಗುವುದು ಲುದ್ಯಳ ಮನೆಗೆ, ಅಲ್ಲಿ ಸೇರಿದ್ದ ಹೊಸ ಸಭೆಯ ಹತ್ತಿರ. ತನಗೆ ಕ್ಷಮೆ ಬೇಕು ಅಂತ ಅವನು ಹಟ ಹಿಡಿದದ್ದಲ್ಲ ಅಂತ ನನ್ನ ಅಭಿಪ್ರಾಯ. ಅವನು ಊರು ಬಿಟ್ಟು ಹೋಗುವವನು. ಆ ಮನೆಯಲ್ಲಿ ಸೇರುವವರು ಅಲ್ಲೇ ಇರಬೇಕಾದವರು. ನಾಳೆ ಅವರ ಮೇಲೆ ಕೈ ಎತ್ತುವ ಮೊದಲು ಅಧಿಕಾರಿ ಎರಡು ಸಲ ಯೋಚಿಸಬೇಕಲ್ಲ?

ರೋಮಾ 13 ಬರೆದ ಪೌಲ ಅಧೀನನಾಗಿರುವುದು ಎಂದರೆ ಇದನ್ನೇ ಅಂದುಕೊಂಡಿದ್ದ. ಓಡಿಹೋಗಲಿಲ್ಲ, ಕಲ್ಲು ಎತ್ತಲಿಲ್ಲ, ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ. ನಿಮ್ಮದೇ ಕಾನೂನಿನಂತೆ ನಡೆಯಿರಿ ಅಂತ ಸರ್ಕಾರವನ್ನು ಕೇಳಿದ. ಮುಂದೆ ರೋಮ್ ಚಕ್ರವರ್ತಿ ಕೈಸರನಿಗೇ ಅಪೀಲು ಹಾಕಿದ. ಅಪೀಲು ಹಾಕುವುದು ಅವಿಧೇಯತೆ ಆಗಿದ್ದರೆ ಪೌಲನೂ ಅವಿಧೇಯನೇ.

ಹಾಗಾದರೆ ಎಲ್ಲಿ ಒಪ್ಪಬೇಕು, ಎಲ್ಲಿ ಇಲ್ಲ? ಕಷ್ಟ ಆಗುವುದೆಲ್ಲ ಅನ್ಯಾಯ ಅಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬೇಡಿ ಅಂದರೆ ಅದು ಹಿಂಸೆ ಅಲ್ಲ, ಎಲ್ಲರಿಗೂ ಇರುವ ನಿಯಮ. 2020ರ ಲಾಕ್‌ಡೌನ್‌ನಲ್ಲಿ ಗುಡಿ, ಮಸೀದಿ, ಚರ್ಚು ಎಲ್ಲ ಮುಚ್ಚಿದವು. ಅದನ್ನು ಪಾಲಿಸಿದ್ದು ಸರಿಯಾಗಿತ್ತು. ಇಂಥದ್ದಕ್ಕೆಲ್ಲ ಹುತಾತ್ಮರ ಮಾತು ಎತ್ತಿದರೆ ನಿಜವಾದ ಹುತಾತ್ಮರಿಗೆ ಅವಮಾನ.

ಸರ್ಕಾರವೇ ನಮ್ಮ ಕೈಯಿಂದ ಪಾಪ ಮಾಡಿಸಲು ಹೊರಟರೆ ಅಲ್ಲಿ ಅನುಮಾನವೇ ಇಲ್ಲ, ಆಗುವುದಿಲ್ಲ ಅನ್ನಬೇಕು. ಇಸ್ರಾಯೇಲರ ಗಂಡುಮಕ್ಕಳನ್ನು ಕೊಲ್ಲಿ ಅಂತ ಐಗುಪ್ತದ ಅರಸ ಫರೋಹ ಹೇಳಿದಾಗ ಸೂಲಗಿತ್ತಿಯರು ಕೊಲ್ಲಲಿಲ್ಲ. ಆ ಹೆಂಗಸರ ಹೆಸರು ಶಿಪ್ರಾ, ಪೂಗಾ ಅಂತ ಸತ್ಯವೇದ ಬರೆದಿಟ್ಟಿದೆ. ಫರೋಹನ ಹೆಸರನ್ನು ಬರೆದಿಲ್ಲ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಿರಬೇಕು ಎಂದು ಯೇಸುವಿನ ಶಿಷ್ಯ ಪೇತ್ರ ಹೇಳಿದ್ದೂ ಇಂಥ ಹೊತ್ತಿನಲ್ಲೇ.

ನಮ್ಮ ಕಾಲಕ್ಕೆ ಹತ್ತಿರದ ಒಬ್ಬರನ್ನು ನೆನೆಯುತ್ತೇನೆ. ಫ್ರಾಂಟ್ಸ್ ಯೇಗರ್‌ಸ್ಟೇಟರ್ ಅಂತ ಆಸ್ಟ್ರಿಯಾದ ಒಬ್ಬ ರೈತ. ಹೆಂಡತಿ, ಮೂವರು ಹೆಣ್ಣುಮಕ್ಕಳು. ಊರಿನ ಚರ್ಚಿನಲ್ಲಿ ಪೂಜೆಗೆ ಅಣಿ ಮಾಡಿಕೊಡುವ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ. ಹಿಟ್ಲರನ ಯುದ್ಧ ಅನ್ಯಾಯದ್ದು, ಅದರಲ್ಲಿ ಬಂದೂಕು ಹಿಡಿಯುವುದಿಲ್ಲ ಎಂದ. ಬಿಷಪರ ಹತ್ತಿರ ಹೋಗಿ ಕೇಳಿದರೆ, ಅವರೂ ನಿನ್ನ ಕುಟುಂಬ ನೋಡಿಕೋ ಅಂತ ಬುದ್ಧಿ ಹೇಳಿ ಕಳಿಸಿದರು. ಅವನು ಬದಲಾಗಲಿಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. 2007ರಲ್ಲಿ ಅದೇ ಕ್ಯಾಥೊಲಿಕ್ ಸಭೆ ಅವನನ್ನು ಧನ್ಯ ಎಂದು ಸಾರಿತು, ಅದು ಸಂತ ಪದವಿಗೆ ಮುಂಚಿನ ಮೆಟ್ಟಿಲು. ಸಭೆಯ ದೊಡ್ಡವರೆಲ್ಲ ಒಂದು ಕಡೆ ಇದ್ದರೂ ಒಬ್ಬ ಬೇಸಾಯಗಾರನ ಮನಸ್ಸಾಕ್ಷಿ ಸರಿ ಇರಬಹುದು.

ಅನ್ಯಾಯ ನನಗೇ ಆದಾಗ ಮಾತು ಬೇರೆ. ಸಹಿಸಿಕೊಳ್ಳಬಹುದು, ಹಕ್ಕು ಕೇಳಬಹುದು, ಜಾಗ ಬಿಟ್ಟು ಹೋಗಲೂಬಹುದು. ರಾಜ ಹೆರೋದನಿಂದ ಮಗು ಯೇಸುವನ್ನು ಉಳಿಸಲು ಯೋಸೇಫ, ಮರಿಯ ಐಗುಪ್ತಕ್ಕೆ ಓಡಿದರು. ಯಾವುದನ್ನು ಆರಿಸಿಕೊಂಡರೂ ಅದು ನನ್ನ ಮತ್ತು ದೇವರ ನಡುವಿನ ವಿಷಯ.

ಆದರೆ ಅನ್ಯಾಯ ಪಕ್ಕದವರಿಗೆ ಆದಾಗ? ಇಲ್ಲೇ ನಮ್ಮ ಸಭೆಗಳು ಎಡವುವುದು. ನನ್ನ ಕೆನ್ನೆಗೆ ಏಟು ಬಿದ್ದರೆ ಇನ್ನೊಂದು ಕೆನ್ನೆ ತಿರುಗಿಸಬಹುದು. ಪಕ್ಕದವರ ಕೆನ್ನೆ ಹಿಡಿದು ತಿರುಗಿಸುವ ಅಧಿಕಾರ ಯೇಸು ನನಗೆ ಕೊಟ್ಟಿಲ್ಲ. ನಮ್ಮ ಪ್ರಾರ್ಥನೆಗೆ ಅಡ್ಡಿ ಆದಾಗ ಮನವಿ, ಮೆರವಣಿಗೆ, ಕೋರ್ಟು ಎಲ್ಲ ನೆನಪಾಗುತ್ತದೆ. ಬೇರೆಯವರ ಗುಡಿಸಲು ಬಿದ್ದಾಗ ರೋಮಾ 13 ನೆನಪಾಗುತ್ತದೆ. ಇದಕ್ಕೆ ವಿಧೇಯತೆ ಅಂತ ಹೆಸರಿಡಬಾರದು.

ನಾಬೋತನ ಕಥೆ ತೆಗೆಯಿರಿ, 1 ಅರಸುಗಳು 21. ಜಾಗದ ಕಾಗದಕ್ಕಾಗಿ ಕಚೇರಿ ಸುತ್ತಿದ ಕೊಡಗಿನವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನಾಬೋತನ ದ್ರಾಕ್ಷಿ ತೋಟ ಅರಮನೆಗೆ ಒತ್ತಿಕೊಂಡಿತ್ತು. ರಾಜ ಅಹಾಬನಿಗೆ ಅದು ಬೇಕು. ದುಡ್ಡು ಕೊಡುತ್ತೇನೆ, ಬೇರೆ ತೋಟ ಕೊಡುತ್ತೇನೆ ಅಂದ. ಪಿತ್ರಾರ್ಜಿತ, ಕೊಡುವುದಿಲ್ಲ ಅಂದ ನಾಬೋತ. ಮುಂದೆ ನಡೆದದ್ದನ್ನು ಗಮನಿಸಿ. ರಾಣಿ ಈಜೆಬೆಲ್ ಸೈನ್ಯ ಕಳಿಸಲಿಲ್ಲ. ಕಾಗದ ಬರೆದಳು. ಅದಕ್ಕೆ ರಾಜಮುದ್ರೆ ಒತ್ತಿದಳು. ಊರಿನ ಹಿರಿಯರಿಗೆ ಕಳಿಸಿದಳು. ಉಪವಾಸ ಸಾರಿ, ನಾಬೋತನನ್ನು ಜನರ ಮುಂದೆ ಕೂರಿಸಿ, ಇಬ್ಬರು ಸಾಕ್ಷಿಗಳಿಂದ ದೂರು ಹೇಳಿಸಿ, ಕಲ್ಲೆಸೆದು ಕೊಲ್ಲಿ ಅಂತ ಅದರಲ್ಲಿತ್ತು. ಊರಿನ ಹಿರಿಯರು ಕಾಗದದಲ್ಲಿ ಇದ್ದಂತೆಯೇ ಮಾಡಿದರು. ಒಬ್ಬನೂ ಇಲ್ಲ ಅನ್ನಲಿಲ್ಲ. ಕಾಗದ, ಮುದ್ರೆ, ಸಾಕ್ಷಿ ಎಲ್ಲ ಸರಿಯಾಗಿತ್ತು. ಆ ಹಿರಿಯರನ್ನು ಕೇಳಿದ್ದರೆ ಅಧಿಕಾರಿಗಳಿಗೆ ವಿಧೇಯರಾದೆವು ಅಂತಲೇ ಹೇಳುತ್ತಿದ್ದರು.

ದೇವರು ಪ್ರವಾದಿ ಎಲೀಯನನ್ನು ಕಳಿಸಿದ್ದು ಆ ತೋಟಕ್ಕೇ. ರಾಜ ಸ್ವಾಧೀನ ಮಾಡಿಕೊಳ್ಳಲು ಇಳಿದಿದ್ದಾಗ ಅಲ್ಲೇ ಎದುರು ನಿಂತು, ಕೊಂದದ್ದೂ ಆಯಿತು, ದಕ್ಕಿಸಿಕೊಂಡದ್ದೂ ಆಯಿತಾ ಅಂತ ಕೇಳಿದ. ಎಲೀಯನಿಗೆ ಆ ತೋಟದಲ್ಲಿ ಒಂದು ಬಳ್ಳಿಯೂ ಇರಲಿಲ್ಲ.

ನಮ್ಮ ಕೊಡಗಿನಲ್ಲೇ ನೋಡಿ, 2016ರ ಡಿಸೆಂಬರ್‌ನಲ್ಲಿ ಸಿದ್ದಾಪುರ ಕಡೆಯ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರು ಯರವರು, ಜೇನು ಕುರುಬರು, ತೋಟಗಳಲ್ಲಿ ದುಡಿದವರು. ಡಿಸೆಂಬರ್ ಅಂದರೆ ಕೊಡಗಿನ ಚಳಿ ನಿಮಗೆ ಗೊತ್ತೇ ಇದೆ. ನಾವು ಚರ್ಚುಗಳಲ್ಲಿ ಗೋದಲಿ ಕಟ್ಟಿ, ಛತ್ರದಲ್ಲಿ ಜಾಗ ಸಿಗದ ಕುಟುಂಬದ ಕಥೆ ಹಾಡುವ ತಿಂಗಳು ಅದು. ಅವರು ತಿಂಗಳುಗಟ್ಟಲೆ ಹೋರಾಡಿದರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಪುನರ್ವಸತಿ ಆಯಿತು. ಜಾಗ ಯಾರದ್ದು ಅನ್ನುವ ವಾದ ಬೇರೆ ಇರಲಿ. ಹಸಿದವರಿಗೆ ಅಕ್ಕಿ, ಚಳಿಯಲ್ಲಿ ಕೂತವರಿಗೆ ಕಂಬಳಿ ಕೊಡಬಾರದು ಅಂತ ಈ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಸರ್ಕಾರ ನಿಮ್ಮನ್ನು ತಡೆದಿರಲಿಲ್ಲ, ಸಹೋದರಿ. ತಡೆದದ್ದು ನಮ್ಮ ಭಯ. ‘ಹಸಿದಿದ್ದೆ, ಊಟ ಕೊಡಲಿಲ್ಲ’ ಅಂತ ಮತ್ತಾಯ 25ರಲ್ಲಿ ಯೇಸು ಹೇಳುವಾಗ, ‘ಅಧಿಕಾರಿಗಳು ಬೇಜಾರಾಗುತ್ತಾರೆ ಅಂದುಕೊಂಡೆವು’ ಅಂತ ಉತ್ತರ ಕೊಡೋಕಾಗುತ್ತಾ?

ಈ ಮಾತು ಕೊಡಗಿನ ಕ್ರೈಸ್ತರಿಗೆ ಇನ್ನೂ ಜಾಸ್ತಿ ತಾಗಬೇಕು. 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅಲ್ಲಿಂದ ತಪ್ಪಿಸಿಕೊಂಡವರಲ್ಲಿ ಕೆಲವರು ಈ ಬೆಟ್ಟಕ್ಕೆ ಬಂದರು. ದೊಡ್ಡ ವೀರರಾಜೇಂದ್ರ ಅವರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. 1792ರ ಸಂತ ಅನ್ನಮ್ಮ ಚರ್ಚಿನ ಬೇರು ಅಲ್ಲಿದೆ. ಆ ರಾಜ ಕ್ರೈಸ್ತನಲ್ಲ. ಬಂದವರ ಬೆನ್ನ ಹಿಂದೆ ದೊಡ್ಡ ಸುಲ್ತಾನನೊಬ್ಬ ಇದ್ದ. ‘ಅವರ ಸರ್ಕಾರದ ವಿಷಯ, ನಮಗ್ಯಾಕೆ’ ಅಂತ ಅವನು ಅಂದಿದ್ದರೆ? ನೆಲೆ ಇಲ್ಲದೆ ಬಂದು ನೆಲೆ ಪಡೆದವರು ನಾವು.

ಈಗ ನಿಮ್ಮ ಶುಕ್ರವಾರದ ಪ್ರಾರ್ಥನೆ. ಪೌಲನಿಗೆ ರೋಮ್ ಪೌರತ್ವ ಇತ್ತು, ನಮಗೆ ಸಂವಿಧಾನ ಇದೆ. ಇಲ್ಲಿ ಯಾವ ಅಧಿಕಾರಿಯೂ ತನ್ನ ಇಷ್ಟದ ಮೇಲೆ ಆಳುವುದಿಲ್ಲ. ಅವರ ಕುರ್ಚಿಯೇ ಕಾನೂನು ಕೊಟ್ಟದ್ದು. 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಅದಕ್ಕಿರುವ ಮಿತಿಗಳು. ಹಾಗಾಗಿ ಆ ಅಧಿಕಾರಿ ಮತ್ತೆ ಬಂದರೆ ಕೂರಿಸಿ, ಕಾಫಿ ಕೊಡಿ, ನಮ್ರವಾಗಿ ಒಂದೇ ಮಾತು ಕೇಳಿ: ‘ಸಾರ್, ಯಾವ ಕಾನೂನಿನ ಪ್ರಕಾರ ಅಂತ ಬರೆದುಕೊಡಿ, ಪಾಲಿಸುತ್ತೇವೆ.’ ಬಾಯಿಮಾತಿನ ಆದೇಶ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ನಡೆದದ್ದನ್ನು ದಿನಾಂಕ ಸಮೇತ ಬರೆದು ಅವರ ಮೇಲಧಿಕಾರಿಗೆ ಅರ್ಜಿ ಕೊಡಿ. ಅರ್ಜಿಯ ಪ್ರತಿ ಮೇಲೆ ಕಚೇರಿಯ ಸೀಲು, ಸಹಿ ಹಾಕಿಸಿಕೊಳ್ಳದೆ ಬರಬೇಡಿ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ವಕೀಲರಿಗಾಗಿ ಅಲ್ಲಿ ಕೊಡುವ ಅರ್ಜಿಯನ್ನು ನಿಮ್ಮ ಹೆಸರಲ್ಲೇ ಹಾಕಿ.

ಮತಾಂತರದ ಬಗ್ಗೆ ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆಯ ಹೆಸರು ಹೇಳಿ ಹೆದರಿಸಿದರೆ ಇದು ನೆನಪಿರಲಿ: ಆ ಕಾಯ್ದೆ ಇರುವುದು ಮತಾಂತರದ ವಿಷಯಕ್ಕೆ. ವಿಶ್ವಾಸಿಗಳು ಒಂದು ಮನೆಯಲ್ಲಿ ಸೇರಿ ಪ್ರಾರ್ಥಿಸುವುದನ್ನು ಅದು ನಿಷೇಧಿಸುವುದಿಲ್ಲ. ಆ ಕಾಯ್ದೆ ಸರಿಯಲ್ಲ ಅಂದುಕೊಂಡ ಕ್ರೈಸ್ತ ಸಂಘಟನೆಗಳು ಹೈಕೋರ್ಟಿಗೆ ಹೋದವು. ಅದೇ ಫಿಲಿಪ್ಪಿಯ ದಾರಿ.

ಒಂದು ಎಚ್ಚರಿಕೆ. ಲೈನ್ ಮನೆ ತೋಟದ ಮಾಲೀಕರದ್ದು. ಅಲ್ಲಿ ಸೇರಲು ಅವರ ಒಪ್ಪಿಗೆ ಇದೆಯಾ? ಇಲ್ಲದಿದ್ದರೆ ಮೊದಲು ಅವರ ಹತ್ತಿರ ಹೋಗಿ ಮಾತಾಡಿ. ಅಧಿಕಾರಿಗೆ ಹೇಳಿಸಿದವರು ಯಾರು ಅನ್ನುವುದೂ ಅಲ್ಲೇ ಗೊತ್ತಾಗಬಹುದು. ಅವರು ಬೇಡ ಅಂದರೆ ಸಭೆಯ ಬೇರೆ ಯಾರದ್ದಾದರೂ ಸ್ವಂತ ಮನೆಯಲ್ಲಿ ಸೇರಿ.

ನಿಮ್ಮ ತಮ್ಮನಿಗೆ ಕೇರಳದ ಮೂವರು ಮಕ್ಕಳ ಮೊಕದ್ದಮೆ ಹೇಳಿ. 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಗಡದ ಈ ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದರು. ಗೀತೆ ನಡೆಯುವಾಗ ಅವರು ಎದ್ದು ನಿಲ್ಲುತ್ತಿದ್ದರು, ಗೌರವ ಕೊಡುತ್ತಿದ್ದರು. ತಮ್ಮ ನಂಬಿಕೆಗೆ ಒಪ್ಪದ್ದರಿಂದ ಹಾಡುತ್ತಿರಲಿಲ್ಲ, ಅಷ್ಟೇ. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಅವರ ನಂಬಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಎದ್ದು ನಿಂತು ಗೌರವ ಕೊಟ್ಟು, ಆಗದ್ದನ್ನು ಆಗುವುದಿಲ್ಲ ಅಂದ ರೀತಿ ನನಗೆ ತುಂಬಾ ಇಷ್ಟ.

ತಮ್ಮನ ಸಿಟ್ಟು ತಪ್ಪಲ್ಲ. ಎಲ್ಲ ಬಾಗಿಲು ತಟ್ಟಿ ಆದ ಮೇಲೆ, ಶಾಂತವಾಗಿ ಬೀದಿಯಲ್ಲಿ ನಿಲ್ಲುವುದೂ ಕ್ರೈಸ್ತರಿಗೆ ಹೊಸದಲ್ಲ. ತಂಜಾವೂರಿನ ಕ್ರೈಸ್ತ ಜೆ.ಸಿ. ಕುಮಾರಪ್ಪ ಗಾಂಧೀಜಿಯ ಜೊತೆ ನಿಂತು ಜೈಲಿಗೆ ಹೋದರು. ಆಗ ಆಳುತ್ತಿದ್ದವರೂ ಕ್ರೈಸ್ತರೇ, ಎಷ್ಟೋ ಬಿಷಪರು ಆ ಸರ್ಕಾರದ ಕಡೆಗಿದ್ದರು. ಅಮೆರಿಕದಲ್ಲಿ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಪಾದ್ರಿಗಳಿಗೇ ಪತ್ರ ಬರೆದರು. ಅನ್ಯಾಯದ ಕಾನೂನನ್ನು ಮುರಿಯುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಗೆ ಸಿದ್ಧನಾಗಿ ಮುರಿಯಬೇಕು ಅನ್ನುವುದು ಅದರ ತಿರುಳು. ಇದರಾಚೆ ನಾನು ಹೋಗಲಾರೆ. ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ರಾಜ ಸೌಲ ಗವಿಯಲ್ಲಿ ಕೈಗೆ ಸಿಕ್ಕಾಗ ದಾವೀದ ಅವನ ನಿಲುವಂಗಿಯ ಅಂಚು ಮಾತ್ರ ಕತ್ತರಿಸಿದ. ಹಿಟ್ಲರನನ್ನು ಕೊಲ್ಲುವ ಸಂಚಿನವರ ಜೊತೆಗಿದ್ದು 1945ರಲ್ಲಿ ಗಲ್ಲಿಗೇರಿದ ಜರ್ಮನಿಯ ಪಾಸ್ಟರ್ ಬೋನ್‌ಹಾಫರ್ ಅವರನ್ನು ಅಳೆಯಲು ನನಗೆ ಯೋಗ್ಯತೆ ಇಲ್ಲ. ಅವರ ಕಾಲ ನಮ್ಮ ಕಾಲವೂ ಅಲ್ಲ. ಕೋರ್ಟು, ಓಟು, ಪತ್ರಿಕೆ ಇರುವ ದೇಶದಲ್ಲಿ ಕಲ್ಲು ಎತ್ತುವವನು ಎದುರಿನವರ ಕೈಗೆ ಕಾರಣ ಕೊಡುತ್ತಾನೆ. ಅದರ ಏಟು ಬೀಳುವುದು ಲೈನ್ ಮನೆಯವರ ಬೆನ್ನಿಗೆ.

ಅಯ್ಯನವರನ್ನು ಪುಕ್ಕಲು ಅಂತ ಜರೆಯಬೇಡಿ. ಕೆಲಸ ಹೋದರೆ ಮನೆಯೂ ಹೋಗುವ ಜನರನ್ನು ಅವರು ಕಾಯುತ್ತಿದ್ದಾರೆ. ಆ ಭಯಕ್ಕೆ ಅರ್ಥವಿದೆ. ಅವರನ್ನು ಎದುರು ಹಾಕಿಕೊಳ್ಳದೆ, ಇಬ್ಬರು ಮೂವರು ಹಿರಿಯರ ಜೊತೆ ಕೂತು ಫಿಲಿಪ್ಪಿಯ ಬೆಳಗಿನ ಭಾಗ ಓದಿ. ‘ಅಯ್ಯನವರೇ, ಪೌಲ ಇಲ್ಲಿ ಮಾಡಿದ್ದು ತಪ್ಪಾ?’ ಅಂತ ಕೇಳಿ. ಮೇಲಧಿಕಾರಿಗೆ ಕೊಡುವ ಅರ್ಜಿಗೆ ಅವರೊಬ್ಬರ ಸಹಿ ಹಾಕಿಸಬೇಡಿ, ಹತ್ತಿಪ್ಪತ್ತು ಜನ ಹಾಕಿ. ಒಬ್ಬರ ಮೇಲೆ ಭಾರ ಬೀಳಬಾರದು.

ಆ ಅಧಿಕಾರಿಗಾಗಿಯೂ ಪ್ರಾರ್ಥನೆ ಮಾಡಿ, ಅವರ ಹೆಸರು ಹಿಡಿದು ಮಾಡಿ. ಅರಸರಿಗಾಗಿ, ಅಧಿಕಾರಿಗಳಿಗಾಗಿ ಪ್ರಾರ್ಥಿಸಿರಿ ಅನ್ನುವುದೂ ಪೌಲನ ಮಾತೇ, ಅದನ್ನು ಮರೆಯಬಾರದು.

ಗುಡಿಸಲು ಕಳೆದುಕೊಂಡವರ ವಿಷಯ ಈಗಲೂ ತಡವಾಗಿಲ್ಲ. ಈಗ ಅವರಿರುವ ಕಡೆ ಸಭೆಯಿಂದ ನಾಲ್ಕು ಜನ ಹೋಗಿ. ಏನು ಬೇಕು ಅಂತ ಅವರನ್ನೇ ಕೇಳಿ. ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಮಕ್ಕಳ ಶಾಲೆ, ಹೀಗೆ ಕಚೇರಿ ಅಲೆಯುವ ಕೆಲಸ ಇದ್ದೇ ಇರುತ್ತದೆ. ಕಾಡಿನ ಹಾಡಿಗಳಲ್ಲಿ (ಆದಿವಾಸಿಗಳ ಕೇರಿ) ಇರುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ತುಂಬಲು ಓದು ಬರಹ ಬಲ್ಲವರ ನೆರವು ಬೇಕು. ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅವರನ್ನು ಎಬ್ಬಿಸುವಂತಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಅಲ್ಲಿ ಮತಪ್ರಚಾರದ ಮಾತು ಎತ್ತಬೇಡಿ. ಸಹಾಯಕ್ಕೆ ಬದಲಾಗಿ ಏನೋ ಕೇಳುತ್ತಿದ್ದಾರೆ ಅಂತ ಅವರಿಗೆ ಅನಿಸಬಾರದು. ನಿಮ್ಮ ತಮ್ಮನನ್ನೂ ಕರೆದುಕೊಂಡು ಹೋಗಿ, ಅರ್ಜಿ ಬರೆಯುವ ಕೆಲಸ ಅವನಿಗೇ ಕೊಡಿ.